ಸಿಹಿ ಕಪಾಟಿನ ರಿಪೇರಿ: ಹದಿನಾಲ್ಕು ಡಬ್ಬಿ, ಮೂರು ಬಣ್ಣದ ಟೇಪು

ದಿನ 1

ತಂಗಿ ಒಂದೂವರೆ ತಿಂಗಳು ಇರಲೆಂದು ಬಂದಿದ್ದಾಳೆ. ಅವಳು ವೀಗನ್ ಆಗಿ ಎರಡು ವರ್ಷವಾಯಿತು. ಹಾಲು, ಬೆಣ್ಣೆ, ಮೊಟ್ಟೆ ಮುಟ್ಟುವುದಿಲ್ಲ ಎಂಬುದು ಗೊತ್ತಿತ್ತು. ಅವಳು ಬರುವ ಮೊದಲೇ ಸೋಯಾ ಹಾಲು ತಂದಿಟ್ಟಿದ್ದೆ. ಹಾಗಾಗಿ ಮೊದಲ ದಿನ ಹಾಲಿಲ್ಲದ ಚಹಾಕ್ಕೆ ಸಕ್ಕರೆ ಬೆರೆಸಿ ಕೈಗೆ ಕೊಡುವಾಗ ಸ್ವಲ್ಪ ಬೀಗುತ್ತಲೇ ಕೊಟ್ಟೆ. ಅವಳು ಲೋಟ ಹಿಡಿದುಕೊಂಡು, "ಅಕ್ಕ, ಈ ಸಕ್ಕರೆ ಯಾವುದು?" ಅಂದಳು.

ಗೊತ್ತಿಲ್ಲ. ನನ್ನದೊಂದು ಹಳೆಯ ಚಟ: ಅಂಗಡಿಯಿಂದ ಬಂದದ್ದನ್ನು ಗಾಜಿನ ಡಬ್ಬಿಗೆ ಸುರಿದು, ಪ್ಯಾಕೆಟ್ಟನ್ನು ಆ ಕ್ಷಣವೇ ಕಸದ ಬುಟ್ಟಿಗೆ ಹಾಕುವುದು. ಕಪಾಟು ನೋಡಲು ಚೆಂದ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಬಣ್ಣ ನೋಡಿ ಹೇಳಬಹುದು, ಎಲ್ಲಿಂದ ಬಂತು ಎಂದು ಮಾತ್ರ ಹೇಳಲಾಗದು.

"ಸಕ್ಕರೆ ಕಬ್ಬಿನಿಂದ ತಾನೇ ಕಣೇ ಬರೋದು? ಅದರಲ್ಲಿ ಪ್ರಾಣಿ ಎಲ್ಲಿಂದ ಬಂತು?"

"ಸಕ್ಕರೇಲಿ ಇರಲ್ಲ ಅಕ್ಕ. ಅದನ್ನ ಸೋಸೋದರಲ್ಲಿ ಇರತ್ತೆ."

ಸಂಜೆ ಸಿಹಿಯ ಕಪಾಟನ್ನು ಪೂರ್ತಿ ಖಾಲಿ ಮಾಡಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಎಣಿಸಿದರೆ ಹದಿನಾಲ್ಕು. ದಪ್ಪ ಹರಳಿನ ಬಿಳಿ ಸಕ್ಕರೆ, ಸಣ್ಣ ಹರಳಿನದು, ಕಂದು ಸಕ್ಕರೆ, ಐಸಿಂಗ್ ಸಕ್ಕರೆ, ಬೆಲ್ಲ, ಕಾಕಂಬಿ, ತೆಂಗಿನ ಸಕ್ಕರೆ, ಜೇನುತುಪ್ಪ, ಮೇಪಲ್ ಸಿರಪ್, ಅಗಾವೆ (ಕತ್ತಾಳೆ ಜಾತಿಯ ಗಿಡ) ಸಿರಪ್, ಖರ್ಜೂರ, ಸಿಹಿ ಮಾತ್ರೆಯ ಪುಟ್ಟ ಡಬ್ಬಿ, ಸ್ಟೀವಿಯಾ ಪುಡಿ, ಕೇಕಿನ ಮೇಲೆ ಉದುರಿಸುವ ಬಣ್ಣದ ಮಣಿಗಳು. ಒಬ್ಬಳ ಮನೆಗೆ ಇಷ್ಟೊಂದು ಸಿಹಿ ಯಾಕೆ ಬೇಕು ಅನ್ನುವುದು ಬೇರೆಯೇ ಪ್ರಶ್ನೆ.

ಮೂರು ಬಣ್ಣದ ಟೇಪು ತೆಗೆದುಕೊಂಡೆ. ಹಸಿರೆಂದರೆ ಅನುಮಾನವಿಲ್ಲದ್ದು, ಕೆಂಪೆಂದರೆ ಅವಳಿಗೆ ಆಗದ್ದು, ಹಳದಿಯೆಂದರೆ ವಿಚಾರಿಸಬೇಕಾದ್ದು. ಜೇನಿಗೆ ಕೂಡಲೇ ಕೆಂಪು. ಬೆಲ್ಲಕ್ಕೆ ಹಸಿರು, ರಸ ಕುದಿಸಿ ಗಟ್ಟಿ ಮಾಡುವುದು ಬಿಟ್ಟರೆ ಅದರಲ್ಲಿ ಸಕ್ಕರೆಯಂತೆ ಇದ್ದಿಲಿನಲ್ಲಿ ಸೋಸಿ ಬಿಳುಪು ಮಾಡುವ ಹಂತವೇ ಇಲ್ಲ. ತೆಂಗಿನ ಸಕ್ಕರೆಯೂ ಅದೇ ದಾರಿಯದು, ಹೂಗೊಂಚಲಿನಿಂದ ಇಳಿಸಿದ ರಸವನ್ನು ಬತ್ತಿಸಿದ್ದು. ಖರ್ಜೂರ, ಅಗಾವೆ ಕೂಡ ಹಸಿರು. ಉಳಿದ ಒಂಬತ್ತಕ್ಕೂ ಹಳದಿ. ಮೇಜು ಪರೀಕ್ಷೆಯಲ್ಲಿ ಫೇಲಾದ ತರಗತಿಯಂತೆ ಕಾಣುತ್ತಿತ್ತು.

ದಿನ 2

ಇವತ್ತು ಓದಿದ್ದೇ ಹೆಚ್ಚು, ಮಾಡಿದ್ದು ಕಡಿಮೆ.

ತಂಗಿ ಹೇಳಿದ "ಸೋಸುವುದು" ಅಂದರೆ ಮೂಳೆ ಇದ್ದಿಲು. ದನದ ಮೂಳೆಯ ಜಿಡ್ಡು ತೆಗೆದು, ಗಾಳಿ ಸೋಕದಂತೆ ಮುಚ್ಚಿ, ಹಲವು ನೂರು ಡಿಗ್ರಿ ಶಾಖದಲ್ಲಿ ಸುಟ್ಟಾಗ ಉಳಿಯುವ ಕಪ್ಪು ಹರಳು. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್, ಇಂಗಾಲ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಅದನ್ನು ಎತ್ತರದ ಕೊಳಾಯಿಯಂಥ ಪಾತ್ರೆಗಳಿಗೆ ತುಂಬಿ, ಕಚ್ಚಾ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿದ ಬಿಸಿ ಪಾಕವನ್ನು ಮೇಲಿನಿಂದ ಬಿಡುತ್ತಾರೆ. ಪಾಕದ ಕಂದು ಬಣ್ಣ, ಜೊತೆಗೆ ಒಂದಿಷ್ಟು ಖನಿಜಾಂಶ, ಆ ಕಪ್ಪು ಹರಳುಗಳಿಗೆ ಅಂಟಿಕೊಳ್ಳುತ್ತದೆ. ಕೆಳಗೆ ತಿಳಿಯಾದ ಪಾಕ ಇಳಿಯುತ್ತದೆ. ಇದ್ದಿಲು ತುಂಬಿಕೊಂಡಾಗ ಮತ್ತೆ ಕಾಯಿಸಿ ಮತ್ತೆ ಬಳಸುತ್ತಾರೆ. ಮೂಳೆಯ ಚೂರು ಸಕ್ಕರೆಗೆ ಬರುವುದಿಲ್ಲ. "ಸಕ್ಕರೆಯಲ್ಲಿ ಮೂಳೆಪುಡಿ ಇದೆ" ಎಂದು ಗಾಬರಿ ಹುಟ್ಟಿಸುವವರ ಮಾತು ಸುಳ್ಳು. ವೀಗನ್ ಆದವರ ತಕರಾರು ಮೂಳೆ ಬಳಸುವುದರ ಬಗ್ಗೆ, ತಟ್ಟೆಗೆ ಬೀಳುವುದರ ಬಗ್ಗೆ ಅಲ್ಲ.

ಇದು ಇತ್ತೀಚಿನ ಉಪಾಯವೂ ಅಲ್ಲ. 1811ರಲ್ಲಿ ಪಿಯರ್ ಫಿಗಿಯೇ ಎಂಬ ಫ್ರೆಂಚ್ ರಸಾಯನತಜ್ಞ, ಮರದ ಇದ್ದಿಲಿಗಿಂತ ಮೂಳೆ ಇದ್ದಿಲು ಬಣ್ಣವನ್ನು ಚೆನ್ನಾಗಿ ಹೀರುತ್ತದೆ ಎಂದು ತೋರಿಸಿದ. ಸಕ್ಕರೆ ಉದ್ಯಮ ಬೇಗನೆ ಅದನ್ನು ಹಿಡಿದುಕೊಂಡಿತು. ಅದಕ್ಕೂ ಹಿಂದೆ ಪಾಕದ ಕೊಳೆ ತೆಗೆಯಲು ಎತ್ತಿನ ರಕ್ತ, ಮೊಟ್ಟೆಯ ಬಿಳಿ ಹಾಕಿ ಕುದಿಸುತ್ತಿದ್ದರಂತೆ. ಕಾದಾಗ ಅವು ಹೆಪ್ಪುಗಟ್ಟಿ, ಕೊಳೆಯನ್ನೆಲ್ಲ ಅಪ್ಪಿಕೊಂಡು ಮೇಲೆ ನೊರೆಯಾಗಿ ತೇಲುತ್ತವೆ, ಕೆನೆಯಂತೆ ಎತ್ತಿ ಹಾಕಿದರಾಯಿತು. ಇದನ್ನು ಓದಿ ಹೇಳಿದಾಗ ತಂಗಿ ಚಹಾ ಲೋಟ ಕೆಳಗಿಟ್ಟಳು.

ಇಂದು ಎಲ್ಲ ಕಾರ್ಖಾನೆಗಳೂ ಹೀಗೆ ಮಾಡುವುದಿಲ್ಲ ಎಂಬುದೇ ನನ್ನ ಕೆಲಸ ಉಳಿಯಲು ಕಾರಣ. ಕಲ್ಲಿದ್ದಲು, ತೆಂಗಿನ ಚಿಪ್ಪು ಇತ್ಯಾದಿಗಳಿಂದ ಮಾಡಿದ ಸಕ್ರಿಯ ಇಂಗಾಲ ಬಳಸುವವರಿದ್ದಾರೆ, ಅಯಾನು ವಿನಿಮಯ ರಾಳ, ಅಂದರೆ ಬಣ್ಣ ಹಿಡಿದಿಡುವ ಕೃತಕ ಮಣಿಗಳನ್ನು ಬಳಸುವವರಿದ್ದಾರೆ. ಕಬ್ಬಿನ ರಸಕ್ಕೇ ಸುಣ್ಣ ಮತ್ತು ಗಂಧಕದ ಹೊಗೆ ಹಾಯಿಸಿ ನೇರವಾಗಿ ಬಿಳಿ ಸಕ್ಕರೆ ತೆಗೆಯುವ ವಿಧಾನದಲ್ಲಿ ಮೂಳೆ ಇದ್ದಿಲಿಗೆ ಜಾಗವೇ ಇಲ್ಲ. ಬೀಟ್ ಗೆಡ್ಡೆಯ ಸಕ್ಕರೆಗೂ ಅದು ಬೇಕಿಲ್ಲ: ರಸಕ್ಕೆ ಸುಣ್ಣ ಹಾಕಿ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಕೊಳೆ ತಳಕ್ಕೆ ಇಳಿಯುತ್ತದೆ, ಒಂದೇ ಕಾರ್ಖಾನೆಯಲ್ಲಿ ಹರಳಾಗಿ ಹೊರಬರುತ್ತದೆ. ಬೀಟ್‌ನಲ್ಲಿ ಕಬ್ಬಿನದೇ ಸಕ್ಕರೆ ಇದೆ ಎಂದು ಜರ್ಮನಿಯ ಮಾರ್ಗ್ರಾಫ್ ಕಂಡುಕೊಂಡದ್ದು 1747ರಲ್ಲಿ. ಅವನಿಗೆ ವೀಗನ್ ಎಂಬ ಪದವೇ ಗೊತ್ತಿರಲಿಲ್ಲ. ಆ ಪದ ಹುಟ್ಟಿದ್ದು 1944ರಲ್ಲಿ.

ಅಂದರೆ ಹಳದಿ ಟೇಪಿನ ಪ್ರಶ್ನೆ ಒಂದೇ: ಇದು ಯಾವ ಗಿಡದ್ದು, ಯಾವುದರ ಮೂಲಕ ಹಾದು ಬಂತು?

ದಿನ 3

ಮನೆಯಲ್ಲೇ ಪತ್ತೆ ಹಚ್ಚಬಹುದೇ ಎಂಬ ಹುಚ್ಚು.

ಎರಡು ಬಿಳಿ ಸಕ್ಕರೆ, ಜೊತೆಗೆ "ಬೀಟ್ ಸಕ್ಕರೆ" ಎಂದು ಸ್ಪಷ್ಟವಾಗಿ ಬರೆದಿದ್ದ ಹೊಸ ಪ್ಯಾಕೆಟ್ ಒಂದು. ಮೂರನ್ನೂ 50 ಗ್ರಾಂ ತೂಗಿ, 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ, ಒಂದೇ ಬಗೆಯ ಗಾಜಿನ ಲೋಟಗಳಿಗೆ ಹಾಕಿ ಬಿಳಿ ಹಾಳೆಯ ಮುಂದೆ ಇಟ್ಟೆ. ದಪ್ಪ ಹರಳಿನದು ಕಂಡೂ ಕಾಣದಷ್ಟು ಹಳದಿ. ಉಳಿದೆರಡು ನೀರಿನಂತೆ. ಕಾಫಿ ಸೋಸುವ ಕಾಗದದಲ್ಲಿ ಸೋಸಿದೆ. ದಪ್ಪ ಹರಳಿನದರಲ್ಲಿ ಎರಡು ಕಪ್ಪು ಚುಕ್ಕೆ ಸಿಕ್ಕಿದವು. "ಇದೇ!" ಎಂದು ಕೂಗಿದೆ. ತಂಗಿ ಬಂದು ನೋಡಿ, "ಅದು ಸುಟ್ಟ ಸಕ್ಕರೆ ಚೂರೋ ಧೂಳೋ ಇರಬೇಕು" ಅಂದು ಹೋದಳು. ಅವಳೇ ಸರಿ. ಬಿಳಿ ಸಕ್ಕರೆಯಲ್ಲಿ ಶೇ 99ಕ್ಕೂ ಮಿಕ್ಕಿ ಇರುವುದು ಸುಕ್ರೋಸ್. ಯಾವ ದಾರಿಯಿಂದ ಬಂದರೂ ಅಣು ಅದೇ ಅಣು. ಮಂದ ಹಳದಿ ಛಾಯೆ ಇದ್ದರೆ ಅದು ಇದ್ದಿಲಿನ ತನಕ ಹೋಗದೆ ನೇರವಾಗಿ ಬಿಳಿಯಾದ ಸಕ್ಕರೆ ಇರಬಹುದು ಎಂಬ ಊಹೆಗೆ ಆಸ್ಪದವಿದೆ. ಊಹೆಗೆ ಹಸಿರು ಟೇಪು ಕೊಡಲಾರೆ.

ಕಣ್ಣು ಕಟ್ಟಿಕೊಂಡು ರುಚಿ ನೋಡಿದೆವು. ನಾನು ಮೂರಕ್ಕೆ ಮೂರೂ ತಪ್ಪು.

ಪ್ರಯೋಗಾಲಯಕ್ಕಾದರೆ ಕಬ್ಬು ಯಾವುದು, ಬೀಟ್ ಯಾವುದು ಎಂದು ಹೇಳಲು ಬರುತ್ತದೆ. ಎರಡು ಗಿಡಗಳೂ ಗಾಳಿಯಿಂದ ಇಂಗಾಲ ಹಿಡಿಯುವ ಬಗೆ ಬೇರೆ, ಹಾಗಾಗಿ ಸಕ್ಕರೆಯೊಳಗಿನ ಇಂಗಾಲ-13ರ (ಇಂಗಾಲದ್ದೇ ತುಸು ಭಾರದ ರೂಪ) ಪಾಲೂ ಬೇರೆ. ಜೇನಿಗೆ ಕಬ್ಬಿನ ಪಾಕ ಬೆರೆಸಿದ ಕಳ್ಳರನ್ನು ಹಿಡಿಯುವುದೂ ಹೀಗೆಯೇ. ನನ್ನ ಅಡುಗೆಮನೆಯಲ್ಲಿ ಇರುವುದು ತಕ್ಕಡಿ, ಥರ್ಮಾಮೀಟರ್, ಜರಡಿ. ಇವುಗಳಿಂದ ಆಗುವ ಕೆಲಸವಲ್ಲ. ಸಕ್ಕರೆಯ ಜಾತಕ ಸಕ್ಕರೆಯಲ್ಲಿಲ್ಲ, ನಾನು ಎಸೆದ ಪ್ಯಾಕೆಟ್ಟಿನಲ್ಲಿತ್ತು.

ಮೂರು ಲೋಟದ ಪಾಕವನ್ನೂ ಒಂದೇ ಜಗ್ಗಿಗೆ ಸುರಿದು ನಿಂಬೆ ಹಿಂಡಿ ನಾನೇ ಕುಡಿದೆ.

ದಿನ 4

ಅಂಗಡಿಗೆ ಹೋಗಿ ನಾನು ಸಾಮಾನ್ಯವಾಗಿ ಕೊಳ್ಳುವ ಎರಡೂ ಸಕ್ಕರೆ ಪ್ಯಾಕೆಟ್ಟುಗಳ ಹಿಂಬದಿ ಓದಿಕೊಂಡು ಬಂದೆ. "ಪದಾರ್ಥಗಳು: ಸಕ್ಕರೆ." ಅಷ್ಟೇ. ಸೋಸಲು ಬಳಸಿದ್ದು ಪದಾರ್ಥವಲ್ಲವಾದ್ದರಿಂದ ಬರೆಯುವ ಗೋಜಿಲ್ಲ. ಎರಡೂ ಕಂಪನಿಗೆ ಮಿಂಚಂಚೆ ಕಳಿಸಿದೆ: ನಿಮ್ಮ ಸಕ್ಕರೆ ವೀಗನ್ನರಿಗೆ ಆಗುತ್ತದೆಯೇ?

ಕಂದು ಸಕ್ಕರೆಯ ಸರದಿ. ಕಂದು ಎಂದರೆ ಕಡಿಮೆ ಸೋಸಿದ್ದು, ಆದ್ದರಿಂದ ನಿರಪಾಯ ಎಂದುಕೊಂಡಿದ್ದೆ. ಅರ್ಧ ನಿಜ. ಮಸ್ಕೊವಾಡೊ, ಡೆಮೆರಾರ, ಟರ್ಬಿನಾಡೊ ಎಂಬ ಹೆಸರಿನವು ಹರಳು ಕಟ್ಟಿದ ಮೇಲೆ ಸ್ವಲ್ಪವೇ ತೊಳೆದವು, ಇಲ್ಲವೇ ತೊಳೆಯದೇ ಬಿಟ್ಟವು. ಆದರೆ ಬರೀ "ಕಂದು ಸಕ್ಕರೆ" ಎಂದು ಮಾರುವುದರಲ್ಲಿ ಬಹಳಷ್ಟು, ಪೂರ್ತಿ ಬಿಳಿ ಮಾಡಿದ ಸಕ್ಕರೆಗೆ ಮತ್ತೆ ಕಾಕಂಬಿ ಸವರಿದ್ದು. ಮೊದಲು ತೆಗೆದು ಆಮೇಲೆ ಹಚ್ಚುವುದು! ತಿಳಿ ಕಂದಿಗೆ ಶೇ 3.5ರಷ್ಟು, ಗಾಢ ಕಂದಿಗೆ ಶೇ 6.5ರಷ್ಟು ಕಾಕಂಬಿ. ಬಿಳಿ ಸಕ್ಕರೆಯ ಅನುಮಾನವೇ ಇದಕ್ಕೂ ಅಂಟುತ್ತದೆ.

ನನ್ನದು ಯಾವುದು? ಒಂದು ಚಮಚ ಹರಳನ್ನು ಬೊಗಸೆಯಲ್ಲಿ ಹಾಕಿ ಎರಡು ಹನಿ ನೀರು ಬಿಟ್ಟು ಉಜ್ಜಿದೆ. ಕಂದು ಕೈಗೆ ಬಂತು, ಒಳಗಿನ ಹರಳು ಬೆಳ್ಳಗಾಯಿತು. ಸವರಿದ್ದೇ ಎಂದುಕೊಂಡೆ. ಆಮೇಲೆ ತಿಳಿಯಿತು, ತೊಳೆಯದ ಸಕ್ಕರೆಯಲ್ಲೂ ಕಾಕಂಬಿ ಹರಳಿನ ಹೊರಮೈಯಲ್ಲೇ ಹೆಚ್ಚು ಇರುವುದು; ಈ ಪರೀಕ್ಷೆಯೂ ಟೊಳ್ಳು. ನನಗೂ ಪರೀಕ್ಷೆಗಳಿಗೂ ಈ ವಾರ ಆಗಿಬರುತ್ತಿಲ್ಲ.

ಸುಲಭದ ದಾರಿ, ಮನೆಯಲ್ಲೇ ಮಾಡುವುದು. ಬೀಟ್ ಸಕ್ಕರೆ 200 ಗ್ರಾಂ, ಕಾಕಂಬಿ 14 ಗ್ರಾಂ. ಕಾಕಂಬಿಯ ಡಬ್ಬಕ್ಕೆ ಕಾರ್ಖಾನೆಯ ಚೀಟಿ ಅಂಟಿಯೇ ಇತ್ತು: ಕಬ್ಬಿನ ಮಿಲ್ಲಿನಲ್ಲಿ ಕಚ್ಚಾ ಹರಳು ಬೇರೆಯಾಗುವಾಗಲೇ ಉಳಿದದ್ದು, ಬಿಳುಪು ಮಾಡುವ ಹಂತಕ್ಕೆ ಹೋದದ್ದಲ್ಲ. ಅದಕ್ಕೆ ಹಸಿರು ಟೇಪು. ಚಮಚದಲ್ಲಿ ಕಲಸಿದರೆ ಗಂಟು ಗಂಟಾಗಿ ನಿಂತಿತು. ಬೆರಳ ತುದಿಯಲ್ಲಿ ಹಿಟ್ಟಿಗೆ ಎಣ್ಣೆ ಉಜ್ಜಿದಂತೆ ಐದು ನಿಮಿಷ ಉಜ್ಜಿದ ಮೇಲೆ ಒಂದೇ ಬಣ್ಣವಾಯಿತು. ಅಂಗಡಿಯದಕ್ಕಿಂತ ಘಮ ಹೆಚ್ಚು. ಮರುದಿನ ಒಣಗಿ ಗಟ್ಟಿಯಾಗದಂತೆ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಸುಮ್ಮನೆ ಇನ್ನು ಮುಂದೆ ಇದನ್ನೇ ಮಾಡಿಕೊಳ್ಳುತ್ತೇನೆ.

ದಿನ 6

ಐಸಿಂಗ್ ಸಕ್ಕರೆ. ಅಂಗಡಿಯದರಲ್ಲಿ ಸಕ್ಕರೆ ಪುಡಿಯ ಜೊತೆ ಗಂಟು ಕಟ್ಟದಂತೆ ಒಂದಿಷ್ಟು ಕಾರ್ನ್‌ಫ್ಲೋರ್, ಅಥವಾ ಇ 341 ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಈ ಎರಡನೆಯದು ಕಲ್ಲಿನಿಂದಲೂ ಬರಬಹುದು, ಮೂಳೆಯಿಂದಲೂ ಬರಬಹುದು. ರಾಯಲ್ ಐಸಿಂಗ್ ಎಂದು ಬರೆದಿದ್ದರೆ ಒಣಗಿಸಿದ ಮೊಟ್ಟೆಯ ಬಿಳಿಯೇ ಸೇರಿರುವ ಸಂಭವ ಹೆಚ್ಚು. ಇಷ್ಟೆಲ್ಲ ವಿಚಾರಿಸುವ ಬದಲು ಮಿಕ್ಸಿ ಇದೆಯಲ್ಲ.

100 ಗ್ರಾಂ ಸಕ್ಕರೆ, 3 ಗ್ರಾಂ ಕಾರ್ನ್‌ಫ್ಲೋರ್. ಒಂದೂವರೆ ನಿಮಿಷ ಒಂದೇ ಸಮನೆ ಓಡಿಸಿದೆ. ಜಾರ್ ಬಿಸಿಯಾಗಿ, ತಳದ ಸಕ್ಕರೆ ಅಂಟಂಟಾಗಿ ಬ್ಲೇಡಿಗೆ ಸುತ್ತಿಕೊಂಡಿತು. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆದೆ, ಬಿಳಿ ಮೋಡವೊಂದು ಎದ್ದು ನನ್ನ ಕನ್ನಡಕದ ಮೇಲೆ ಕೂತಿತು. ಎರಡನೇ ಸಲ ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸುತ್ತ, ಕೊನೆಗೆ ಎರಡು ನಿಮಿಷ ಮುಚ್ಚಳ ಮುಚ್ಚಿಯೇ ಬಿಟ್ಟು, ಸಣ್ಣ ಜರಡಿಯಲ್ಲಿ ಸಾಣಿಸಿದೆ. ಅಂಗಡಿಯಷ್ಟು ನುಣುಪಿಲ್ಲ, ನಾಲಿಗೆಗೆ ಚೂರು ಮರಳು. ಕೇಕಿನ ಮೇಲೆ ಸುರಿಯುವ ತೆಳು ಐಸಿಂಗ್‌ಗೆ ತೊಂದರೆಯಿಲ್ಲ, ಅದರಲ್ಲಿ ಕರಗಿಹೋಗುತ್ತದೆ.

ಬಣ್ಣದ ಮಣಿಗಳಿಗೆ ಕೆಂಪು. ಹೊಳಪಿಗೆ ಇ 904, ಅಂದರೆ ಅರಗು, ಅರಗಿನ ಹುಳು ಸ್ರವಿಸುವ ರಾಳ. ಕೆಂಪು ಬಣ್ಣಕ್ಕೆ ಇ 120, ಕಳ್ಳಿಯ ಮೇಲೆ ಬದುಕುವ ಕೀಟವನ್ನು ಒಣಗಿಸಿ ಅರೆದು ತೆಗೆದದ್ದು. ಇ 901 ಇದ್ದರೆ ಜೇನುಮೇಣ. ಇಷ್ಟು ಸಣ್ಣ ಮಣಿಯಲ್ಲಿ ಎರಡು ಬಗೆಯ ಹುಳ.

ದಿನ 8

ಈ ರಿಪೇರಿಯ ದೊಡ್ಡ ತಲೆನೋವು ಜೇನು. ನಾನು ಕೇಕಿಗೆ, ಬಿಸ್ಕತ್ತಿಗೆ, ನಿಂಬೆ ಪಾನಕಕ್ಕೆ ಜೇನು ಹಾಕುವವಳು. ಮೇಪಲ್ ಸಿರಪ್ಪನ್ನೇ ಅದರ ಜಾಗಕ್ಕೆ ಹಾಕು ಎನ್ನುವವರಿದ್ದಾರೆ. ಆದರೆ ಮೇಪಲ್ ತೆಳು, ನೀರು ಮೂರನೇ ಒಂದು ಭಾಗ. ಜೇನಿನಲ್ಲಿ ನೀರು ಶೇ 17-18 ಅಷ್ಟೇ. ಉಳಿದದ್ದರಲ್ಲಿ ಹೆಚ್ಚಿನದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಈ ಎರಡೂ ಬೇರೆ ಬೇರೆಯಾಗಿ ಇರುವುದರಿಂದಲೇ ಜೇನು ಅಷ್ಟು ದಟ್ಟವಾಗಿದ್ದೂ ಬೇಗ ಹರಳಾಗದೆ ಹರಿಯುತ್ತದೆ. ಸುಕ್ರೋಸ್ ಎಂದರೆ ಇವೇ ಎರಡು ಕೈ ಹಿಡಿದು ನಿಂತದ್ದು. ಕೈ ಬಿಡಿಸಿದರೆ ಅರ್ಧ ಜೇನು ಆದಂತೆ. ಜೇನುಹುಳು ತನ್ನ ಗ್ರಂಥಿಗಳ ಕಿಣ್ವದಿಂದ ಬಿಡಿಸುತ್ತದೆ, ನಾನು ಹುಳಿ ಮತ್ತು ಬೆಂಕಿಯಿಂದ ಬಿಡಿಸಬೇಕು.

ಇಷ್ಟು ಗೊತ್ತಿದ್ದೂ ಮೊದಲ ಸಲ ಅವಸರ ಮಾಡಿದೆ. 500 ಗ್ರಾಂ ಸಕ್ಕರೆ, 250 ಮಿಲಿ ನೀರು, ನಾಲ್ಕೇ ಹನಿ ನಿಂಬೆರಸ, ದೊಡ್ಡ ಉರಿ. ಹತ್ತು ನಿಮಿಷಕ್ಕೆ ಎಳೆ ಪಾಕ ಬಂತು, ಬಂಗಾರದ ಬಣ್ಣವಿಲ್ಲದಿದ್ದರೂ ಸೌಟಿನಿಂದ ಜೇನಿನಂತೆಯೇ ಇಳಿಯಿತು. ಸೀಸೆಗೆ ಹಾಕಿ, ತಂಗಿಗೆ ತೋರಿಸಿ, ಮಲಗಿದೆ.

ದಿನ 9

ಬೆಳಿಗ್ಗೆ ಸೀಸೆ ತಲೆಕೆಳಗು ಮಾಡಿದರೆ ಏನೂ ಬೀಳಲಿಲ್ಲ. ಬಿಳಿ ಕಲ್ಲು.

ಕಾರಣ ಎರಡು. ಹುಳಿಯೂ ಸಾಲದು, ಸಮಯವೂ ಸಾಲದು. ಸುಕ್ರೋಸ್ ಒಡೆಯುವ ಮೊದಲೇ ನೀರು ಆರಿತ್ತು. ಜೊತೆಗೆ ಕುದಿಯುವಾಗ ಪಾತ್ರೆಯ ಗೋಡೆಗೆ ಸಿಡಿದು ಒಣಗಿದ ಹರಳನ್ನು ಸೌಟಿನಿಂದ ಕೆರೆದು ಒಳಗೇ ಹಾಕಿದ್ದೆ. ಮೊಸರಿಗೆ ಹೆಪ್ಪು ಹಾಕಿದಂತೆಯೇ ಅದು: ಒಂದು ಹರಳು ಬಿದ್ದರೆ ಉಳಿದದ್ದೆಲ್ಲ ಅದರ ಹಿಂದೆ ಸಾಲುಗಟ್ಟುತ್ತದೆ.

ಬಿಸಾಡಬೇಕಿಲ್ಲ. ಸೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕಲ್ಲನ್ನು ಸಡಿಲಿಸಿ, ಬಾಣಲೆಗೆ ಮರಳಿಸಿ, ಕಡಿಮೆಯಾದಷ್ಟು ನೀರು ಸೇರಿಸಿ, ಈ ಸಲ 20 ಮಿಲಿ ನಿಂಬೆರಸ ಹಾಕಿದೆ. ಪೂರ್ತಿ ಕರಗುವ ತನಕ ಮಾತ್ರ ಕಲಕಿದ್ದು, ಆಮೇಲೆ ಸೌಟು ಮುಟ್ಟಲಿಲ್ಲ. ಗೋಡೆಗೆ ಸಿಡಿದದ್ದನ್ನು ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಒರೆಸಿದೆ. ಉರಿ ತೀರ ಸಣ್ಣ, ಗುಳ್ಳೆ ಸೋಮಾರಿಯಾಗಿ ಏಳುವಷ್ಟು. ನಲವತ್ತೈದು ನಿಮಿಷ.

ಯಾವಾಗ ಇಳಿಸಬೇಕು ಎಂಬುದಕ್ಕೆ ಥರ್ಮಾಮೀಟರಿಗಿಂತ ತಕ್ಕಡಿ ಒಳ್ಳೆಯದು ಅನ್ನಿಸಿತು. ಖಾಲಿ ಬಾಣಲೆ ತೂಗಿ ಬರೆದಿಟ್ಟಿದ್ದೆ. ಸುಕ್ರೋಸ್ ಒಡೆಯುವಾಗ ಒಂದು ನೀರಿನ ಅಣುವನ್ನು ನುಂಗುತ್ತದೆ, 100 ಗ್ರಾಂ ಸಕ್ಕರೆ 105 ಗ್ರಾಂ ಆಗುತ್ತದೆ. ಹಾಗೆ 500 ಗ್ರಾಂ 525ರ ಹತ್ತಿರ ಬಂದು, ಅದರೊಂದಿಗೆ ಒಟ್ಟು ತೂಕದ ಐದನೇ ಒಂದು ಪಾಲಿಗಿಂತ ತುಸು ಕಡಿಮೆ ನೀರು ಉಳಿಯಬೇಕೆಂದರೆ ಒಟ್ಟು 640-650 ಗ್ರಾಂ. 645ಕ್ಕೆ ಇಳಿಸಿದೆ. ಆಗ ಥರ್ಮಾಮೀಟರ್ 113 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಎರಡೂ ಒಪ್ಪಿದವು ಎಂದು ಖುಷಿ. ಬಣ್ಣ ತೆಳು ಬಂಗಾರ.

ಖುಷಿಯಲ್ಲೇ ಒಂದು ತಪ್ಪು ಮಾಡಿದೆ. ಹುಳಿ ತುಸು ಹೆಚ್ಚೆನಿಸಿ, ಬಿಸಿ ಪಾಕಕ್ಕೆ ಕಾಲು ಚಮಚ ಅಡುಗೆ ಸೋಡಾ ಹಾಕಿದೆ. ಹುಳಿಗೆ ಸೋಡಾ, ಅದೂ ನೂರು ಡಿಗ್ರಿ ದಾಟಿದ ಅಂಟು ಪಾಕದಲ್ಲಿ! ನೊರೆ ಉಕ್ಕಿ ಬಾಣಲೆಯ ಅಂಚು ದಾಟಿ ಒಲೆಯ ಮೇಲೆಲ್ಲ ಹರಿಯಿತು. ಬಿಸಿ ಪಾಕ ಚರ್ಮಕ್ಕೆ ಬಿದ್ದರೆ ನೀರಿನಂತೆ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ; ಕೈ ದೂರವಿದ್ದದ್ದು ಪುಣ್ಯ. ಒಲೆ ತಿಕ್ಕಲು ಬಿಸಿನೀರಿನ ಬಟ್ಟೆ ಹಾಕಿ ಅರ್ಧ ಗಂಟೆ ಕಾದೆ, ಸಕ್ಕರೆಗೆ ನೀರಿಗಿಂತ ಒಳ್ಳೆಯ ಸೋಪಿಲ್ಲ.

ಅಸಲಿಗೆ ಆ ಹುಳಿ ತೆಗೆಯಬಾರದಿತ್ತು. ಜೇನಿನ ಪಿಎಚ್ ಸುಮಾರು 4. ಜೇನು ಹಾಕುವ ಕೇಕಿನಲ್ಲಿ ಸೋಡಾ ಉಬ್ಬುವುದು ಆ ಹುಳಿಯ ಬಲದಿಂದಲೇ. ನನ್ನ ಪಾಕದಲ್ಲಿ ನಿಂಬೆಯ ಹುಳಿ ಉಳಿದಿದ್ದರೆ ಅದೇ ಕೆಲಸ ಮಾಡುತ್ತದೆ.

ದಿನ 11

ಸೀಸೆ ಎರಡು ದಿನವಾದರೂ ತಿಳಿಯಾಗಿದೆ. ತಲೆಕೆಳಗು ಮಾಡಿದರೆ ನಿಧಾನಕ್ಕೆ ಗುಳ್ಳೆ ಏರುತ್ತದೆ.

ಆದರೆ ರುಚಿ? ಸಿಹಿ, ತುಸು ಹುಳಿ, ಅಷ್ಟೇ. ಜೇನಿನ ಪರಿಮಳ ಹೂವಿನದು, ಅದನ್ನು ಸಕ್ಕರೆ ಎಲ್ಲಿಂದ ತಂದೀತು. ಎರಡನೇ ಬ್ಯಾಚಿಗೆ ನೀರಿನ ಬದಲು ಸೇಬಿನ ಸಿಪ್ಪೆ ಕುದಿಸಿ ಸೋಸಿದ ನೀರು ಬಳಸಿ, ಇಳಿಸುವ ಮುನ್ನ ಒಣಗಿದ ಕ್ಯಾಮೊಮೈಲ್ ಹೂವಿನ ಒಂದು ಚೀಲ ಐದು ನಿಮಿಷ ಅದ್ದಿದೆ. ಬಣ್ಣ ಗಾಢವಾಯಿತು. ತಂಗಿ ಬೆರಳದ್ದಿ ನೆಕ್ಕಿ, ಸ್ವಲ್ಪ ಹೊತ್ತು ಏನೂ ಹೇಳದೆ, "ಜೇನಲ್ಲ. ಆದ್ರೆ ಜೇನು ಅಂತ ಮೋಸ ಹೋಗೋಕೆ ನಂಗೆ ಅಡ್ಡಿಯಿಲ್ಲ" ಅಂದಳು. ಹಸಿರು ಟೇಪು.

ಅದೇ ಹಿಟ್ಟಿಗೆ ಒಂದು ಸಲ ಈ ಪಾಕ, ಒಂದು ಸಲ ಮೇಪಲ್ ಹಾಕಿ ಎರಡು ಸಣ್ಣ ಕೇಕು ಸುಟ್ಟೆ. ಪಾಕದ್ದು ಜೇನಿಗೆ ತೂಕಕ್ಕೆ ತೂಕ ಹಾಕಿದರೂ ಸರಿಯಾಗಿಯೇ ಎದ್ದಿತು. ಮೇಪಲ್ಲಿನದು ಕೆಳಗೆ ಒದ್ದೆ, ಮೇಲೆ ಸೋಡಾದ ಸಾಬೂನು ವಾಸನೆ. ಮೇಪಲ್ಲಿನಲ್ಲಿ ಹುಳಿ ಅತ್ಯಲ್ಪ. ಸೋಡಾ ಕಡಿಮೆ ಮಾಡಬೇಕು ಇಲ್ಲವೇ ಬೇರೆ ಹುಳಿ ಕೊಡಬೇಕು, ಹಿಟ್ಟಿನ ನೀರನ್ನೂ ತಗ್ಗಿಸಬೇಕು. ಹರಳು ಸಕ್ಕರೆಯ ಜಾಗಕ್ಕೆ ಯಾವುದೇ ಸಿರಪ್ ಹಾಕುವಾಗ ಒಂದು ಕಪ್ಪಿಗೆ ಮುಕ್ಕಾಲು ಕಪ್ ಹಾಕಿ, ಉಳಿದ ದ್ರವದಲ್ಲಿ ಮೂರು ದೊಡ್ಡ ಚಮಚ ಕಳೆದರೆ ನನ್ನ ಒಲೆಯಲ್ಲಿ ಹದ ಬರುತ್ತದೆ.

ಅಂದಹಾಗೆ ಮೇಪಲ್ಲಿಗೆ ಹಳದಿ ಹಚ್ಚಿದ್ದು ಯಾಕೆಂದರೆ, ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ಮರದ ರಸ ಕುದಿಸಬೇಕು, ಅದು ಹಾಲಿನಂತೆ ಉಕ್ಕುತ್ತದೆ. ಉಕ್ಕು ತಗ್ಗಿಸಲು ಹಿಂದೆ ಬೆಣ್ಣೆಯ ಚೂರು, ಕೆನೆ, ಹಂದಿಯ ಕೊಬ್ಬಿನ ತುಂಡು ಬಳಸುತ್ತಿದ್ದರು. ಈಗ ಸಸ್ಯದ ಎಣ್ಣೆಯೇ ಹೆಚ್ಚು. ನನ್ನ ಸೀಸೆಯ ಹಿಂದೆ ವೀಗನ್ ಮುದ್ರೆ ಇತ್ತು. ಸೀಸೆಯಲ್ಲೇ ಮಾರುವ ವಸ್ತುವಾದ್ದರಿಂದ ನಾನು ಎಸೆಯಲು ಆಗಿರಲಿಲ್ಲ!

ದಿನ 12

ಖರ್ಜೂರದ ಪಾಕ. 250 ಗ್ರಾಂ ಬೀಜ ತೆಗೆದ ಖರ್ಜೂರ, 500 ಮಿಲಿ ಬಿಸಿನೀರು, ಮೂರು ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಬತ್ತಿಸಿದ್ದು. ಸುಮಾರು 180 ಗ್ರಾಂ ಸಿಕ್ಕಿತು. ಕೊನೆಯ ಐದು ನಿಮಿಷ ಫೋನು ಬಂತು, ತಳ ಹಿಡಿಯಿತು. ಫ್ರಕ್ಟೋಸ್ ಇರುವ ಪಾಕ ಸಕ್ಕರೆಗಿಂತ ಬಹಳ ಬೇಗ ಸೀಯುತ್ತದೆ. ಫ್ರಿಜ್ಜಿನಲ್ಲಿಡಬೇಕು. ಹಿಂಡಿ ಉಳಿದ ನಾರು ಬಿಸ್ಕತ್ತಿಗೆ ಹೋಯಿತು.

ದಿನ 14

ಸಿಹಿ ಮಾತ್ರೆ. ಸಿಹಿ ಕೊಡುವ ವಸ್ತುವೇನೋ ಕೃತಕ, ಪ್ರಾಣಿಯ ಸೋಂಕಿಲ್ಲ. ಆದರೆ ಅಷ್ಟು ಸಣ್ಣ ಪ್ರಮಾಣವನ್ನು ಮಾತ್ರೆಯಾಗಿಸಲು ಏನಾದರೂ ಗಟ್ಟಿ ಬೇಕಲ್ಲ. ಭೂತಗನ್ನಡಿ ಹಿಡಿದು ಓದಿದರೆ ಮೊದಲ ಪದವೇ ಲ್ಯಾಕ್ಟೋಸ್. ಹಾಲಿನ ಸಕ್ಕರೆ. ಕೆಂಪು. ಈ ಕಪಾಟಿನಲ್ಲಿ ಅತಿ "ರಾಸಾಯನಿಕ" ಎನ್ನಿಸುವ ಡಬ್ಬಿಯಲ್ಲೇ ಹಾಲು ಅಡಗಿತ್ತು.

ಸ್ಟೀವಿಯಾ ಪುಡಿಯ ಕಥೆಯೂ ಹೀಗೇ. ಎಲೆಯಿಂದ ತೆಗೆದ ಸತ್ವ ಸಕ್ಕರೆಗಿಂತ 200-300 ಪಟ್ಟು ಸಿಹಿ, ಚಮಚದಲ್ಲಿ ಅಳೆಯಲು ಬರುವಂತೆ ಭರ್ತಿ ಸೇರಿಸಿರುತ್ತಾರೆ. ನನ್ನದರಲ್ಲಿ ಇದ್ದದ್ದು ಎರಿಥ್ರಿಟಾಲ್, ಗ್ಲೂಕೋಸನ್ನು ಯೀಸ್ಟಿನಿಂದ ಹುದುಗಿಸಿ ಮಾಡುವುದು. ಹಸಿರು ಹಚ್ಚಲು ಹೋದರೆ ತಂಗಿ ಇನ್ನೊಂದು ಪ್ರಶ್ನೆ ಇಟ್ಟಳು: ಇಂಥ ಹೊಸ ಸಿಹಿಗಳಿಗೆಲ್ಲ ಒಪ್ಪಿಗೆ ಸಿಗುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷೆ ನಡೆದಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ವೀಗನ್ನರಲ್ಲೇ ಎರಡು ಅಭಿಪ್ರಾಯ. ವೀಗನ್ ಸೊಸೈಟಿಯ ವ್ಯಾಖ್ಯೆಯೇ ಸಾಧ್ಯವಾದಷ್ಟು, ಆಚರಿಸಲು ಆಗುವಷ್ಟು ಎಂದು ಬಾಗಿಲು ತೆರೆದಿಟ್ಟಿದೆ. ಅವಳು ಇದನ್ನು ಬಳಸುತ್ತಾಳಂತೆ. ನಾನು ಬಳಸುವುದಿಲ್ಲ, ಕಾರಣ ರುಚಿ: ನಾಲಿಗೆಯ ಮೇಲೆ ಪುದೀನದಂತೆ ತಂಪು, ಹಿಂದೆ ಕಹಿ. ಎರಿಥ್ರಿಟಾಲಿನಿಂದ ಪಾಕ ಮಾಡಲು ಹೋಗಬೇಡಿ, ಆರುತ್ತಿದ್ದಂತೆ ಮರಳಾಗುತ್ತದೆ. ಇದೇ ಗುಂಪಿನ ಜೈಲಿಟಾಲ್ ಮನೆಗೆ ತರುವುದಿದ್ದರೆ ನಾಯಿಗೆ ಎಟುಕದ ಕಡೆ ಇಡಿ, ನಾಯಿಗಳಿಗೆ ಅದು ವಿಷ.

ಹಸಿರು ಟೇಪು ಎಂದರೆ ಆರೋಗ್ಯದ ಸರ್ಟಿಫಿಕೇಟೂ ಅಲ್ಲ. ನನ್ನ ಬಂಗಾರದ ಪಾಕ, ಖರ್ಜೂರದ ಪಾಕ, ಮೇಪಲ್, ಅಗಾವೆ ಎಲ್ಲವನ್ನೂ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯ ಖಾತೆಗೇ ಬರೆಯುತ್ತದೆ; 2015ರ ಅದರ ಸಲಹೆಯ ಪ್ರಕಾರ ಇವೆಲ್ಲ ಸೇರಿ ದಿನದ ಶಕ್ತಿಯಲ್ಲಿ ಶೇ 10ರ ಒಳಗಿರಬೇಕು.

ದಿನ 15

ಮೊದಲ ಕಂಪನಿಯ ಉತ್ತರ: "ನಮ್ಮ ಸಕ್ಕರೆ ಶೇ 100 ಸಸ್ಯಮೂಲದ್ದು. ನಾವು ನೈಸರ್ಗಿಕ ಇಂಗಾಲದಿಂದ ಶುದ್ಧೀಕರಿಸುತ್ತೇವೆ." ಓದಿ ಸಮಾಧಾನವಾಯಿತು. ತಂಗಿ ನಕ್ಕಳು. ಮೂಳೆ ಇದ್ದಿಲೂ ನೈಸರ್ಗಿಕವೇ, ಅದರಲ್ಲೂ ಇಂಗಾಲ ಇದೆ. ನನ್ನ ಪ್ರಶ್ನೆಯೇ ಸಡಿಲವಾಗಿತ್ತು, ಅದಕ್ಕೆ ತಕ್ಕ ಉತ್ತರ ಬಂತು. ಇನ್ನೊಮ್ಮೆ ಇಬ್ಬರಿಗೂ ಬರೆದೆ: ಸಕ್ಕರೆ ಕಬ್ಬಿನದೋ ಬೀಟ್‌ನದೋ? ಯಾವುದೇ ಹಂತದಲ್ಲಿ ಮೂಳೆ ಇದ್ದಿಲು ಬಳಸುತ್ತೀರಾ, ಹೌದೋ ಅಲ್ಲವೋ? ಈ ಹೆಸರಿನಲ್ಲಿ ಮಾರುವ ಎಲ್ಲ ಪ್ಯಾಕೆಟ್ಟಿಗೂ, ಎಲ್ಲ ಕಾರ್ಖಾನೆಗೂ ಇದೇ ಉತ್ತರವೇ?

ಕೊನೆಯ ಪ್ರಶ್ನೆ ತಂಗಿ ಸೇರಿಸಿದ್ದು.

ದಿನ 19

ದಪ್ಪ ಹರಳಿನ ಕಂಪನಿ ಒಂದೇ ಸಾಲಿನಲ್ಲಿ ಉತ್ತರಿಸಿದೆ: ಕಬ್ಬು, ಸುಣ್ಣ-ಗಂಧಕದ ವಿಧಾನ, ಮೂಳೆ ಇದ್ದಿಲು ಇಲ್ಲ, ಒಂದೇ ಕಾರ್ಖಾನೆ. ಹಸಿರು. ಆ ಮಂದ ಹಳದಿ ಛಾಯೆ ನಿಜವನ್ನೇ ಹೇಳುತ್ತಿತ್ತು.

ವಿಚಾರಿಸಲು ಬೇಸರವಿರುವವರಿಗೆ ಎರಡು ಅಡ್ಡದಾರಿ ಇವೆ. ಪ್ಯಾಕೆಟ್ಟಿನಲ್ಲಿ ಬೀಟ್ ಎಂದಿದ್ದರೆ ಕೊಳ್ಳಬಹುದು. ಅಮೆರಿಕದ ಸಾವಯವ ಪ್ರಮಾಣಪತ್ರದ ನಿಯಮ ಮೂಳೆ ಇದ್ದಿಲನ್ನು ಒಪ್ಪುವುದಿಲ್ಲ, ಆ ಮುದ್ರೆ ಇದ್ದರೂ ಕೊಳ್ಳಬಹುದು. ಬರೀ "ನೈಸರ್ಗಿಕ", "ಶುದ್ಧ" ಎಂಬ ಪದಗಳಿಗೆ ಮರುಳಾಗಬೇಡಿ.

ಐಸಿಂಗ್ ಮತ್ತು ಕಂದು ಸಕ್ಕರೆಯ ಹಳೆಯ ಡಬ್ಬಿಗಳಲ್ಲಿ ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟು, ಮನೆಯಲ್ಲಿ ಮಾಡಿದ್ದನ್ನು ತುಂಬಿದೆ. ಈಗ ಪ್ರತಿ ಡಬ್ಬಿಯೊಳಗೂ ಪ್ಯಾಕೆಟ್ಟಿನ ಹಿಂಬದಿಯನ್ನು ಕತ್ತರಿಸಿ ಗಾಜಿಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಕಪಾಟಿನ ಅಂದ ಹಾಳಾಯಿತು.

ದಿನ 23

ಸಣ್ಣ ಹರಳಿನ ಕಂಪನಿಯ ಎರಡನೇ ಉತ್ತರ ಬಂತು, "ನೈಸರ್ಗಿಕ ಇಂಗಾಲ" ಎಂದಿದ್ದವರೇ. ಈ ಸಲ ನೇರವಾಗಿ ಬರೆದಿದ್ದಾರೆ. ಅವರಿಗೆ ಎರಡು ಕಾರ್ಖಾನೆಗಳಿಂದ ಸಕ್ಕರೆ ಬರುತ್ತದೆ. ಒಂದರಲ್ಲಿ ಮೂಳೆ ಇದ್ದಿಲು ಇದೆ, ಇನ್ನೊಂದರಲ್ಲಿ ಇಲ್ಲ. ಪ್ಯಾಕೆಟ್ಟಿನ ಕೆಳಗಂಚಿನ ಬ್ಯಾಚ್ ಸಂಖ್ಯೆಯ ಮೊದಲ ಅಕ್ಷರ ನೋಡಿದರೆ ಯಾವುದೆಂದು ತಿಳಿಯುತ್ತದೆ, ದಯವಿಟ್ಟು ಆ ಅಕ್ಷರ ತಿಳಿಸಿ, ಎಂದು.

ಆ ಪ್ಯಾಕೆಟ್ ಎಲ್ಲಿದೆ ಎಂದು ತಂಗಿ ಕೇಳಲಿಲ್ಲ, ಸುಮ್ಮನೆ ಕಸದ ಬುಟ್ಟಿಯ ಕಡೆ ನೋಡಿದಳು.

ಡಬ್ಬಿಯಲ್ಲಿ 420 ಗ್ರಾಂ ಇದೆ. ಹಳದಿ ಟೇಪನ್ನು ಹಾಗೇ ಬಿಟ್ಟು, ಅದರ ಮೇಲೆ "ಅಕ್ಕನದು" ಎಂದು ಬರೆದು ಕಪಾಟಿನ ಕೆಳಗಿನ ಸಾಲಿಗೆ ಇಳಿಸಿದೆ. ದಿನಕ್ಕೆ ಎರಡು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ, ಅಂದರೆ 20 ಗ್ರಾಂ. ಇನ್ನು ಮೂರು ವಾರ.